ತಿರುಗುತ್ತದೆ, ಬಿಸಿಯಾಗುವುದಿಲ್ಲ

ಜೂನ್ 22, ಭಾನುವಾರ

ಮನೆಯಲ್ಲಿ ಈಗ ಐದು ಜನ. ಅವರಲ್ಲಿ ಒಬ್ಬರಿಗೆ ಇಪ್ಪತ್ತಾರು ದಿನ. ಹೆಸರಿನ ಬಗ್ಗೆ ಎರಡು ಮನೆಗಳ ನಡುವೆ ಮಾತುಕತೆ ಮುಗಿದಿಲ್ಲವಾದ್ದರಿಂದ ಸದ್ಯಕ್ಕೆ ನಾನು ಅದನ್ನು ಅತಿಥಿ ಎಂದು ಕರೆಯುತ್ತೇನೆ, ಮನಸ್ಸಿನಲ್ಲಿ ಮಾತ್ರ. ಮಗಳು ದಿವ್ಯಾಳ ಮಗು. ನನ್ನ ಮೊಮ್ಮಗಳು ಎಂದೂ ಬರೆಯಬಹುದು, ವ್ಯಾಕರಣದ ಪ್ರಕಾರ ತಪ್ಪಿಲ್ಲ. ಎತ್ತಿಕೊಳ್ಳಿ ಎಂದು ಮೂರು ಸಲ ಹೇಳಿದರು. ಕೈಗೆ ಶಾಯಿಯ ವಾಸನೆ ಇದೆ ಎಂದೆ. ಪ್ರೆಸ್ಸಿಗೆ ಹೋಗಿ ನಾಲ್ಕು ದಿನವಾಗಿದೆ.

ಅತಿಥಿ ದಿನಕ್ಕೆ ನಲವತ್ತು ಬಟ್ಟೆ ಒದ್ದೆ ಮಾಡುತ್ತದೆ. ಹೊರಗೆ ಬ್ರಹ್ಮಾವರದ ಮಳೆ ಉಳಿದದ್ದೆಲ್ಲವನ್ನೂ ಒದ್ದೆ ಮಾಡುತ್ತದೆ. ಇವೆರಡರ ಮಧ್ಯೆ ನನ್ನ ಹೆಂಡತಿ ಶ್ರೀಲತಾ ಓಡಾಡುತ್ತಾಳೆ. ಅವಳ ತಾಯಿ ಅಮ್ಮಣ್ಣಿಯವರು ಬಾಣಂತನ ಮಾಡಲೆಂದು ಗುಲ್ವಾಡಿಯಿಂದ ಬಂದಿದ್ದಾರೆ. ಎಪ್ಪತ್ತೆಂಟು ವರ್ಷ. ಇಂದು ಬೆಳಿಗ್ಗೆ ನನ್ನ ಮುಂದೆ ನಿಂತರು.

“ಅಳಿಯ್ರೆ, ಈ ಮನಿಯೋ, ಅಕ್ಕಿ ಸೋಸು ಜರಡಿಯೋ? ಎಲ್ ಕಂಡ್ರೂ ತೂತ್. ಬಾಣಂತಿಗೆ ಗಾಳಿ ತಾಗ್ರೆ ಜಲ್ಮಕ್ಕೆ ಹೋತಿಲ್ಲೆ.”

ಬಾಣಂತಿಗೂ ಗಾಳಿಗೂ ಇರುವ ವೈರದ ಬಗ್ಗೆ ನನಗೆ ನನ್ನದೇ ಅಭಿಪ್ರಾಯವಿದೆ. ಅದನ್ನು ಹೇಳದೆ ರೈನ್‌ಕೋಟು ಹಾಕಿಕೊಂಡೆ. ಮನೆಯ ಸುತ್ತ ಹೊರಗಿನಿಂದ ಹನ್ನೊಂದು ತೂತು ಮುಚ್ಚಿದೆ. ಮುಚ್ಚಲು ಬಳಸಿದ್ದು ಪ್ರೆಸ್ಸಿನಲ್ಲಿ ಹಾಳಾದ ಮದುವೆ ಆಮಂತ್ರಣದ ಕಾಗದಗಳು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ನನಗೆ ನಂಬಿಕೆಯಿಲ್ಲದ ಕೆಲಸವನ್ನು ಬಹಳ ಅಚ್ಚುಕಟ್ಟಾಗಿ ಮಾಡುತ್ತೇನೆ.

ಜೂನ್ 24, ಮಂಗಳವಾರ

ಬಟ್ಟೆ ಒಣಗಿಸುವ ಯಂತ್ರ ಕೆಟ್ಟಿದೆ.

ಇದನ್ನು ಅಳಿಯ ಯತೀಶ್ ಕಳಿಸಿದ್ದು. ಅವನು ಪುಣೆಯಲ್ಲಿ ಹೋಟೆಲು ನಡೆಸುತ್ತಾನೆ. ಹೆರಿಗೆಗೆ ಬರಲಾಗದ್ದಕ್ಕೆ ಬದಲಾಗಿ ಬಂದ ಯಂತ್ರ ಎಂದು ಶ್ರೀಲತಾ ಹೇಳುತ್ತಾಳೆ. ಜೋಡಿಸುವವರು ಬಂದಾಗ ನಾನು ಪ್ರೆಸ್ಸಿನಲ್ಲಿದ್ದೆ. ಸಂಜೆ ಬಂದು ನೋಡಿದರೆ ಬಚ್ಚಲಿನ ಪಕ್ಕದ ಕೋಣೆಯಲ್ಲಿ ದುಂಡು ಗಾಜಿನ ಬಾಗಿಲಿನ ಬಿಳಿ ಪೆಟ್ಟಿಗೆ ಕೂತಿತ್ತು, ಮೊದಲಿನಿಂದಲೂ ಇಲ್ಲಿಯೇ ಇದ್ದಂತೆ.

ಇಂದು ಅದರ ಎದುರು ಮಣೆ ಹಾಕಿಕೊಂಡು ಕೂತೆ. ಒಳಗೆ ಪುಟ್ಟ ಬಟ್ಟೆಗಳು ಏರಿ ಬೀಳುತ್ತಿದ್ದವು. ಒಂದು ಗಂಟೆಯ ಮೇಲೆ ಬಾಗಿಲು ತೆರೆದರೆ ತಣ್ಣಗೆ, ಹೋದಂತೆಯೇ ವಾಪಸು. ತಿರುಗುತ್ತದೆ, ಬಿಸಿಯಾಗುವುದಿಲ್ಲ. ನನಗೆ ಐವತ್ತಮೂರು, ಈ ಲಕ್ಷಣ ಅಪರಿಚಿತವೇನಲ್ಲ.

“ಅದ್ರ ಎದ್ರಿಗೆ ಕೂಕಂಡ್ ಎಂತ ಕಾಂತ್ರಿ? ಟಿವಿಯಾ ಅದ್?” ಎಂದಳು ಶ್ರೀಲತಾ.

ಜೂನ್ 27, ಶುಕ್ರವಾರ

ಕಂಪನಿಯ ಸಹಾಯವಾಣಿಗೆ ಶ್ರೀಲತಾ ಫೋನು ಮಾಡಿದಳು. ಸ್ಪೀಕರ್ ಹಾಕಿದ್ದಳು. ಆ ಕಡೆ ಬೆಂಗಳೂರಿನ ಕಡೆಯ ಹುಡುಗಿ, ಬಹಳ ಸಭ್ಯ ದನಿ.

“ಮೋಟಾರ್ ತಿರುಗ್ತಾ ಇದ್ಯಾ ಮೇಡಂ?”

“ಇತ್ತ್.”

“ಇತ್ತಾ? ಈಗ?”

“ಈಗ್ಳೂ ಇತ್ತ್.”

“ಮೇಡಂ, ಇತ್ತು ಅಂದ್ರೆ ಮೊದ್ಲು ಇತ್ತು, ಅಲ್ವಾ? ಈಗ ಇದ್ಯಾ, ಇಲ್ವಾ?”

“ಅಯ್ಯೋ ದೇವ್ರೆ! ಇತ್ತ್ ಅಂದ್ರೆ ಇತ್ತ್! ಬಟ್ಟೆ ಮಾತ್ರ ಚಂಡಿ.”

“ಚಂಡಿ ಅಂದ್ರೆ?”

“ಚಂಡಿ ಅಂದ್ರೆ ಚಂಡಿ! ನಿಮ್ ಊರಂಗ್ ಮಳೆ ಬತ್ತಿಲ್ಯಾ?”

ನಮ್ಮಲ್ಲಿ ಚಂಡಿ ಎಂದರೆ ಒದ್ದೆ. ಘಟ್ಟದ ಮೇಲೆ ಅದು ದೇವಿ, ಇಲ್ಲವೇ ಹಟಮಾರಿ. ನಮ್ಮ ಇತ್ತ್ ಈಗಲೂ ಇದೆ. ಅವರ ಇತ್ತು ಆಗಲೇ ಹೋಗಿದೆ. ಒಂದೇ ಕ್ರಿಯಾಪದದ ಎರಡು ದಡಗಳಲ್ಲಿ ಇಬ್ಬರು ಹೆಂಗಸರು ನಿಂತು ಪರಸ್ಪರ ಕೈ ಬೀಸುತ್ತಿದ್ದರು. ನಾನು ಬಾಗಿಲಿಗೆ ಒರಗಿ ಕೇಳುತ್ತಿದ್ದೆ. ಮಧ್ಯೆ ಬಾಯಿ ಹಾಕಿದರೆ ಅದು ಹಾಳಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಅವಳ ಫೋನಿಗೆ ಬಂದ ಮೆಸೇಜು ನನ್ನ ಕಣ್ಣಿಗೆ ಬಿತ್ತು: ದೂರು ದಾಖಲಾಗಿದೆ, ಮೋಟಾರು ತಿರುಗುತ್ತಿಲ್ಲ. ಇಪ್ಪತ್ತೈದು ವರ್ಷ ಬೇರೆಯವರ ತಪ್ಪು ತಿದ್ದಿ ಬದುಕಿದವನು ನಾನು. ಇದನ್ನು ತಿದ್ದಲಿಲ್ಲ. ಅದು ಒಂದು ರೀತಿಯಲ್ಲಿ ಪರಿಪೂರ್ಣವಾಗಿತ್ತು.

ಜುಲೈ 1, ಮಂಗಳವಾರ

ಅತಿಥಿಯ ತೊಡೆಯ ಸಂದಿಯಲ್ಲಿ ಕೆಂಪು ಗುಳ್ಳೆಗಳೆದ್ದಿವೆ. ಬಟ್ಟೆ ಸರಿಯಾಗಿ ಒಣಗದ್ದರಿಂದ ಎಂದರು ಡಾಕ್ಟರು. ಅಂಗಡಿಯ ಡೈಪರು ಸದ್ಯಕ್ಕೆ ಬೇಡವಂತೆ. ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸೋಣ ಎಂದು ನನ್ನ ಅತ್ತೆ ಕೇಳಿದ್ದಕ್ಕೆ, ಹೊಗೆ ಅಂತೂ ಬೇಡವೇ ಬೇಡ ಎಂದರು. ಉಳಿದದ್ದು ಇಸ್ತ್ರಿಪೆಟ್ಟಿಗೆ ಮತ್ತು ಶ್ರೀಲತಾಳ ತೋಳು.

ಮಧ್ಯಾಹ್ನ ದಿವ್ಯಾಳ ಅತ್ತೆ ಮುತ್ತಕ್ಕ ಶಂಕರನಾರಾಯಣದಿಂದ ಫೋನು ಮಾಡಿದರು. ವಿಷಯ ಹೇಗೋ ತಿಳಿದಿದೆ.

“ನಮ್ಮಲ್ ಒಲಿ ಮೇಲೆ ಅಟ್ಟ ಇತ್ತ್. ಎಷ್ಟ್ ಬಟ್ಟೆ ಹಾಕ್ರೂ ಬೆಳ್ಗಾಪತಿಗೆ ಗರಿಗರಿ. ನಾ ಬಂದ್ ಕರ್ಕಂಡ್ ಹೋತೆ. ಹದ್ನೇಳಕ್ಕೆ ಆಸಾಡಿ ಹಿಡಿತ್. ಹದ್ನಾರ್ ಬೆಳಿಗ್ಗೆ ಹತ್ತರಿಂದ ಹತ್ತು ನಲ್ವತ್ತ್ ಮುಹೂರ್ತ ಲಾಯ್ಕ್ ಇತ್ತಂಬ್ರ್.”

ಆಸಾಡಿ ತಿಂಗಳಲ್ಲಿ ಯಾರೂ ಮದುವೆ ಮಾಡುವುದಿಲ್ಲ, ಆದ್ದರಿಂದ ಪ್ರೆಸ್ಸಿಗೆ ಕೆಲಸವಿಲ್ಲ; ಬಾಣಂತಿಯನ್ನೂ ಮಗುವನ್ನೂ ಗಂಡನ ಮನೆಗೆ ಕಳಿಸುವುದೂ ಇಲ್ಲ. ಅಂದರೆ ಹದಿನಾರರಂದು ಹೋಗದಿದ್ದರೆ ಇನ್ನೊಂದು ತಿಂಗಳು ಇಲ್ಲಿಯೇ. ಹದಿನಾರರೊಳಗೆ ಯಂತ್ರ ಸರಿಯಾದರೆ ಕರೆದುಕೊಂಡು ಹೋಗಲು ಕಾರಣವಿರುವುದಿಲ್ಲ ಎಂದು ಶ್ರೀಲತಾ ಹೇಳಿದಳು. ನನಗೇ ಹೇಳಿದ್ದು ಇರಬೇಕು, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಹೋದರೆ ಮನೆ ಶಾಂತವಾಗುತ್ತದೆ. ನನ್ನ ಆಕ್ಷೇಪವೇನಿಲ್ಲ.

ಹದಿನೈದು ದಿನ ಉಳಿದಿದೆ. ಸುಮ್ಮನೆ ಎಣಿಸಿದೆ.

ಜುಲೈ 4, ಶುಕ್ರವಾರ

ಮೆಕ್ಯಾನಿಕ್ ಬಂದಿಲ್ಲ. ಕುರ್ಚಿಗಳ ಬೆನ್ನ ಮೇಲೆ, ಕಿಟಕಿಯ ಸರಳುಗಳಲ್ಲಿ, ನನ್ನ ಪುಸ್ತಕದ ಕಪಾಟಿನ ಅಂಚಿನಲ್ಲಿ ಪುಟ್ಟ ಬಟ್ಟೆಗಳು. ಓದುತ್ತಿರುವ ಪುಸ್ತಕದ ನೂರಹನ್ನೆರಡನೆಯ ಪುಟದಲ್ಲಿ ಒಂದು ಹನಿ ಬಿದ್ದು ಒಣಗಿದೆ. ನೀರಲ್ಲ. ಆ ಪುಟ ಅದರ ಹಿಂದಿನವುಗಳಿಗಿಂತ ಜೀವಂತವಾಗಿದೆ.

ಜುಲೈ 8, ಮಂಗಳವಾರ

ಮೆಕ್ಯಾನಿಕ್ ಬಂದ. ಕುಂದಾಪುರದವನು, ರತನ್ ಎಂದು ಹೆಸರು. ರೈನ್‌ಕೋಟಿನೊಳಗೆ ಎದೆಗೆ ಅವಚಿಕೊಂಡು ಒಂದು ಪೆಟ್ಟಿಗೆ ತಂದಿದ್ದ. ಅದರಲ್ಲಿ ಹೊಸ ಮೋಟಾರು. ಯಂತ್ರದ ಗುಂಡಿ ಒತ್ತಿದ. ಅದು ತಿರುಗಿತು. ಅವನು ಮೋಟಾರನ್ನೂ ನಮ್ಮನ್ನೂ ನೋಡಿದ.

“ಹ್ವಾಯ್, ಇದ್ ತಿರ್ಗತ್ತಲೆ!”

“ತಿರ್ಗುದಿಲ್ಲೆ ಅಂದದ್ ಯಾರ್?” ಎಂದಳು ಶ್ರೀಲತಾ.

ಹಿಂಬದಿ ಬಿಚ್ಚಿ ಮೀಟರು ಇಟ್ಟು ನೋಡಿದ. ಥರ್ಮಲ್ ಫ್ಯೂಸು ಹೋಗಿದೆ. ಯಂತ್ರದೊಳಗೆ ಮಿತಿಮೀರಿ ಬಿಸಿಯಾದರೆ ಅದು ತಾನೇ ಸತ್ತು, ಬಿಸಿ ಮಾಡುವ ಸುರುಳಿಗೆ ಕರೆಂಟು ಹೋಗದಂತೆ ತಡೆಯುತ್ತದಂತೆ. ಅಂಗಿ ಗುಂಡಿಯಷ್ಟು ದೊಡ್ಡದು.

“ನನ್ ಹತ್ರ ಮೋಟಾರ್ ಇತ್ತ್, ಫ್ಯೂಸ್ ಇಲ್ಲೆ. ಹೊಸ ಕಂಪ್ಲೇಂಟ್ ಹಾಕಿ. ಹತ್ ದಿನಕ್ಕೆ ಬತ್ತ್.”

ಹತ್ತು ದಿನವೆಂದರೆ ಹದಿನೆಂಟು. ಅವನು ಹೋದ ಮೇಲೆ ಶ್ರೀಲತಾ ತನ್ನ ಫೋನಿನಲ್ಲಿ ಆ ಹಳೆಯ ಮೆಸೇಜು ಹುಡುಕಿ ಓದಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನೀವ್ ಅಲ್ಲೇ ನಿಂತ್ಕಂಡಿದ್ರಿ. ಕೇಂತಾ ಇದ್ರಿ. ಒಂದ್ ಮಾತ್ ಹೇಳುಕ್ ಆಯ್ಲಿಲ್ಯಾ?”

ನಾನು ಏನೋ ಹೇಳಲು ಹೊರಟೆ.

“ನಿಮ್ಗ್ ನಾವೆಲ್ಲಾ ಒಂದ್ ಆಟ. ಹೊರ್ಗ್ ಕೂಕಂಡ್ ಕಾಂಬುದ್, ಮತ್ತೆ ಎಲ್ಲೋ ಬರ್ದ್ ಇಡುದ್.”

ದಿನಚರಿಯ ವಿಷಯ ಅವಳಿಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ.

ಜುಲೈ 10, ಗುರುವಾರ

ಬಸ್ಸಿನಲ್ಲಿ ಕುಂದಾಪುರಕ್ಕೆ ಹೋದೆ. ಪ್ರೇಮಾನಂದ ಎನ್ನುವವರ ಅಂಗಡಿ. ಇಪ್ಪತ್ತೆರಡು ವರ್ಷ ಮುಂಬಯಿಯ ಲಾಂಡ್ರಿಗಳಲ್ಲಿ ದುಡಿದು ಬಂದು ಇಲ್ಲಿ ಯಂತ್ರ ರಿಪೇರಿಗೆ ಕೂತಿದ್ದಾರೆ. ಫ್ಯೂಸು ಇತ್ತು. ಇದು ಸಿಗದಿದ್ದರೆ ಫ್ಯೂಸಿನ ಎರಡು ತುದಿಗಳನ್ನು ಒಂದು ತುಂಡು ವೈಯರಿನಿಂದ ಜೋಡಿಸಿಬಿಟ್ಟರೆ ಏನಾಗುತ್ತದೆ ಎಂದು, ಕೇವಲ ಕುತೂಹಲಕ್ಕೆ, ಕೇಳಿದೆ.

ಅವರು ಫ್ಯೂಸನ್ನು ವಾಪಸು ಡಬ್ಬಕ್ಕೆ ಹಾಕಿದರು.

“ಭಾಯಿಸಾಬ್, ಮನಿಯಂಗ್ ಶಿಶು ಇತ್ತಂದ್ರಿ ಅಲ್ದಾ? ಸೀದಾ ವೈಯರ್ ಕೊಟ್ರೆ ಬೆಂಕಿಗೆ ನೀವೇ ಕಾಗದ ಕೊಟ್ಟ್ ಕರ್ದಾಂಗೆ. ಹಾಂಗ್ ಮಾಡುದಾರೆ ನಾ ಕೊಡುದಿಲ್ಲೆ.”

ಮಾಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಡಬ್ಬ ತೆರೆದರು.

ಜುಲೈ 11, ಶುಕ್ರವಾರ

ಪ್ಲಗ್ಗು ಕಿತ್ತು, ಎಂಟು ಸ್ಕ್ರೂ ಬಿಚ್ಚಿ, ಬಿಚ್ಚುವ ಮುಂಚೆ ಪ್ರತಿ ವೈಯರಿನ ಫೋಟೋ ತೆಗೆದುಕೊಂಡೆ. ದಿವ್ಯಾ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಟಾರ್ಚು ಹಿಡಿದಿದ್ದಳು.

“ಅಪ್ಪಯ್ಯ, ನಿಮ್ಗ್ ಇದ್ ಬತ್ತಾ?”

ಬರುವುದಿಲ್ಲ ಎಂದೆ.

“ಹಾಂಗಾರೆ ಅಡ್ಡಿಲ್ಲೆ. ಬತ್ತ್ ಅಂಬವ್ರ್ ಮಾಡ್ರೇ ಹೆದ್ರಿಕೆ.”

ಹಳೆಯ ಫ್ಯೂಸಿಗೆ, ಪ್ರೇಮಾನಂದರಿಂದ ಕಡ ತಂದ ಮೀಟರಿನ ಎರಡು ಮೊನೆ ಮುಟ್ಟಿಸಿದರೆ ಮೌನ. ಹೊಸದಕ್ಕೆ ಮುಟ್ಟಿಸಿದರೆ ಕುಂಯ್ ಎನ್ನುತ್ತದೆ. ಕುಂಯ್ ಎಂದಾಗಲೆಲ್ಲ ಮಗು ಕತ್ತು ತಿರುಗಿಸುತ್ತಿತ್ತು. ನಾಲ್ಕಾರು ಸಲ ಪರೀಕ್ಷಿಸಿದೆ. ಒಮ್ಮೆ ಸಾಕಿತ್ತು.

ಹನ್ನೆರಡೂಕಾಲಿಗೆ ಯಂತ್ರ ಬಿಸಿಯಾಯಿತು. ಅತ್ತೆ ಮೊದಲ ಬಟ್ಟೆ ತೆಗೆದು ಮೇಲ್ತುಟಿಗೆ ತಾಗಿಸಿ ನೋಡಿದರು. ಕೈಗೆ ತಂಪೂ ಒದ್ದೆಯೂ ಒಂದೇ, ತುಟಿಗೆ ಸುಳ್ಳು ಹೇಳಲಾಗುವುದಿಲ್ಲವಂತೆ. ಮಗುವನ್ನು ಅದರಲ್ಲಿ ಸುತ್ತಿದ ಕೂಡಲೇ ಅವಳು ಕಣ್ಣು ಮುಚ್ಚಿದಳು.

ಶ್ರೀಲತಾ ನನಗೆ ಚಾ ಕೊಟ್ಟಳು, ಮಾತಿಲ್ಲದೆ. ಆದರೆ ಕೊಟ್ಟಳು.

ಜುಲೈ 13, ಭಾನುವಾರ

ಮತ್ತೆ ತಣ್ಣಗೆ.

ಜುಲೈ 14, ಸೋಮವಾರ

ಪ್ರೇಮಾನಂದರು ಸತ್ತ ಫ್ಯೂಸನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು, ನಾಡಿ ನೋಡುವವರ ಹಾಗೆ.

“ಫ್ಯೂಸ್ ಸುಮ್ನೆ ಸಾಯುದಿಲ್ಲೆ. ಅದ್ ಸಾಯುದೇ ಉಳ್ದವ್ರ್ ಬದ್ಕ್‌ಕಂತ. ಎರಡ್ ಫ್ಯೂಸ್ ಹೋಯ್ತ್ ಅಂದ್ರೆ ಉಸ್ರ್ ಕಟ್ಟಿತ್. ಜಾಳ್ಗಿಯಂಗ್ ನೂಲ್ ತುಂಬಿತ್ತಾ?”

ಬಾಗಿಲ ಬಳಿಯ ಜಾಳಿಗೆಯನ್ನು ಶ್ರೀಲತಾ ದಿನವೂ ತೊಳೆಯುತ್ತಾಳೆ.

“ಹಾಂಗಾರೆ ಹಿಂದ್ ಪೈಪ್ ಇರತ್ತಲೆ, ಒಳ್ಗಿನ್ ಬಿಸಿ ಗಾಳಿ ಹೊರ್ಗ್ ಹಾಕುದ್? ಅದ್ ಎಲ್ ಹೋತ್ತ್?”

ಗೊತ್ತಿಲ್ಲ ಎಂದೆ. ನಲವತ್ತು ದಿನದಿಂದ ಆ ಯಂತ್ರ ನನ್ನ ಮನೆಯಲ್ಲಿದೆ. ಅದು ಯಾವ ಕಡೆ ಉಸಿರು ಬಿಡುತ್ತದೆ ಎಂದು ನನಗೆ ಗೊತ್ತಿಲ್ಲ.

“ಮೊದ್ಲ್ ಅದ್ ಕಾಣಿ. ಇದ್ ನನ್ ಹತ್ರ ಇಪ್ಪು ಕಡೀದ್. ಇದೂ ಹೋರೆ ಮತ್ ಮುಂಬಯಿಂದ ಬರ್ಕ್,” ಎಂದು ಇನ್ನೊಂದು ಫ್ಯೂಸು ಕೈಗಿಟ್ಟರು.

ಮನೆಗೆ ಕೋಟದ ಕಡೆಯ ಬಸ್ಸು ಹತ್ತುವ ಬದಲು ಎದುರು ದಿಕ್ಕಿನ ಹೆಮ್ಮಾಡಿಯ ಬಸ್ಸು ಹತ್ತಿದೆ. ಇಳಿದು ವಾಪಸು ಬಂದೆ. ಇದು ನನ್ನ ಸ್ವಭಾವವಲ್ಲ.

ಜುಲೈ 15, ಮಂಗಳವಾರ

ಬೆಳಿಗ್ಗೆ ಯಂತ್ರವನ್ನು ಮುಂದೆ ಎಳೆದು ನೋಡಿದೆ. ಹಿಂದಿನಿಂದ ಬೆಳ್ಳಿ ಬಣ್ಣದ ಮಡಿಕೆ ಪೈಪೊಂದು ಗೋಡೆಯೊಳಗೆ ಹೋಗುತ್ತದೆ. ಹೊರಗೆ ಎಲ್ಲಿ ಬರುತ್ತದೆ ಎಂದು ರೈನ್‌ಕೋಟು ಹಾಕಿಕೊಂಡು ಹಿತ್ತಿಲಿಗೆ ಹೋದೆ. ಬಚ್ಚಲ ಗೋಡೆ. ಹಳೆಯ ಹೊಗೆಕಿಂಡಿ, ನೀರಿನ ಕೊಳವೆ ತೆಗೆದ ಜಾಗ, ಅವುಗಳ ಪಕ್ಕ ಒಂದು ದುಂಡು ತೂತು. ಮೂರೂ ಬಿಗಿಯಾಗಿ, ಅಚ್ಚುಕಟ್ಟಾಗಿ ಮುಚ್ಚಿದ್ದವು.

ನಾನು ಮುಚ್ಚಿದ ಹನ್ನೊಂದರಲ್ಲಿ ಇವು ಮೂರು.

ದುಂಡು ತೂತಿನೊಳಗಿಂದ ಪ್ಲಾಸ್ಟಿಕ್ ಎಳೆದರೆ ಅದರ ಹಿಂದೆ ನೂಲಿನ ಧೂಳು, ಬೂದು ಬಣ್ಣದ ಬೆಕ್ಕಿನ ಮರಿಯಂತೆ ಉಂಡೆಯಾಗಿ ಬಂತು. ಪ್ಲಾಸ್ಟಿಕ್ಕಿನೊಳಗೆ ಹಳದಿ ಮದುವೆ ಕಾಗದಗಳು. ಬೈಂದೂರಿನ ಯಾರದೋ ಮದುವೆ. ‘ತಮ್ಮ ಆಗಮನವನ್ನು ಬಯಸುವ’ ಎಂದಿರಬೇಕಾದಲ್ಲಿ ‘ತಮ್ಮ ಗಮನವನ್ನು ಬಯಸುವ’ ಎಂದು ನನ್ನ ಕಣ್ತಪ್ಪಿನಿಂದ ಅಚ್ಚಾಗಿ, ಮುನ್ನೂರು ಪ್ರತಿ ಹಾಳಾಗಿದ್ದವು. ತಮ್ಮ ಗಮನವನ್ನು ಬಯಸುವ ಆ ಬಳಗದವರು ಇಪ್ಪತ್ತಮೂರು ದಿನದಿಂದ ನಮ್ಮ ಯಂತ್ರದ ಮೂಗು ಹಿಡಿದು ಕೂತಿದ್ದರು.

ಒಳಗೆ ಬಂದು ಶ್ರೀಲತಾಳಿಗೆ ಹೇಳಿದೆ. ಯಂತ್ರ ಕೆಡಿಸಿದ್ದು ನಾನು ಎಂದೆ. ಸಹಾಯವಾಣಿಯ ದಿನ ಸುಮ್ಮನಿದ್ದದ್ದೂ ನಾನೇ ಎಂದು, ಅವಳು ಕೇಳದಿದ್ದರೂ, ಸೇರಿಸಿದೆ. ಅವಳು ಆ ಒದ್ದೆ ಕಾಗದವನ್ನು ಬಿಡಿಸಿ ಓದಿದಳು. ಮೊದಲು ಭುಜ ಅಲುಗಿತು. ಆಮೇಲೆ ಗೋಡೆ ಹಿಡಿದುಕೊಂಡು ನಕ್ಕಳು.

“ಒಂದ್ ಅಕ್ಷರ ಬಿಟ್ರೆ ಮದಿ ಹಾಳಾತಿಲ್ಲೆ, ಕಾಗ್ದ ಹಾಳಾತ್ತ್ ಅಷ್ಟೆ,” ಎಂದಳು. ಯಾವುದರ ಬಗ್ಗೆ ಹೇಳಿದಳೋ.

ಇನ್ನು ಅತ್ತೆ. ತೂತು ತೆರೆದಿಡಬೇಕು ಎಂದರೆ ಬಾಣಂತಿಗೆ ಗಾಳಿ. ಅವರನ್ನು ಕೊಡೆ ಹಿಡಿದು ಹಿತ್ತಿಲಿಗೆ ಕರೆದೊಯ್ದೆ. ಕೊನೆಯ ಫ್ಯೂಸು ಹಾಕಿ, ಯಂತ್ರ ಶುರು ಮಾಡಿ ಬಂದೆ. ಅವರು ಸೆರಗಿನ ತುದಿಯನ್ನು ತೂತಿನ ಮುಂದೆ ಹಿಡಿದರು. ಸೆರಗು ಹೊರಗೆ ಹಾರಿತು. ತೂತಿಗೆ ಕೆನ್ನೆ ಕೊಟ್ಟು ನಿಂತರು, ಎಷ್ಟೋ ಹೊತ್ತು. ಬೆಚ್ಚಗಿತ್ತು ಅನಿಸುತ್ತದೆ.

“ಇದ್ ಗಾಳಿ ಒಳ್ಗ್ ಬಪ್ಪುದಲ್ಲ, ಹೊರ್ಗ್ ಹೋಪುದ್. ಇದ್ಕ್ ಅಡ್ಡಿಲ್ಲೆ,” ಎಂದರು. ಮತ್ತೆ, “ಯಂತ್ರ ನಿತ್ತಾಗ ಮಾತ್ರ ಮುಚ್ಕ್,” ಎಂದರು. ಒಪ್ಪಿದೆ. ಮರದ ಮುಚ್ಚಳವೊಂದನ್ನು ದಾರ ಕಟ್ಟಿ ನೇತು ಹಾಕಿದ್ದೇನೆ. ಅದನ್ನು ತೆಗೆಯುವುದೂ ಹಾಕುವುದೂ ನನ್ನ ಜವಾಬ್ದಾರಿ. ಇದುವರೆಗೆ ನಾಲ್ಕು ಸಲ.

ಜುಲೈ 16, ಬುಧವಾರ

ಮುತ್ತಕ್ಕ ಎಂಟೂವರೆಗೆ ಜೀಪಿನಲ್ಲಿ ಬಂದರು. ದಿವ್ಯಾಳ ಚೀಲ ಬಾಗಿಲ ಪಕ್ಕ ತಯಾರಿತ್ತು, ಬೇಕಾದರೆ ಇರಲಿ ಎಂದು. ಮುತ್ತಕ್ಕ ಮೊದಲು ಮಗುವನ್ನು ಎತ್ತಿಕೊಂಡು ಬಹಳ ಹೊತ್ತು ಮೂಸಿದರು. ಅವರೂ ಇಷ್ಟು ದಿನ ಕಾದಿದ್ದಾರೆ; ಅದು ಕಾಣುತ್ತಿತ್ತು.

ನಾನು ಯಂತ್ರ ತೋರಿಸಿದೆ. ನಿನ್ನೆ ಸಂಜೆಯಿಂದ ತೊಳೆದ ಬಟ್ಟೆಗಳೆಲ್ಲ ಒಳಗಿದ್ದವು. ಶುರು ಮಾಡಿ ಹದಿನೈದು ನಿಮಿಷವಾಗಿತ್ತು. ಗಾಜಿಗೆ ಕೈ ಇಟ್ಟು, “ಬಿಸಿ ಇತ್ತ್,” ಎಂದರು ಮುತ್ತಕ್ಕ, ಸ್ವಲ್ಪ ಬೇಸರದಿಂದಲೇ.

ಒಂಬತ್ತು ಹತ್ತಕ್ಕೆ ಕರೆಂಟು ಹೋಯಿತು.

ಎಲ್ಲರೂ ಆ ದುಂಡು ಗಾಜನ್ನು ನೋಡುತ್ತಾ ನಿಂತೆವು. ಲೈನಿನ ಮೇಲೆ ಮರ ಬಿದ್ದಿದೆ, ಮಧ್ಯಾಹ್ನ ಆಗಬಹುದು ಎಂದು ಪಕ್ಕದ ಮನೆಯವರು ಕೂಗಿ ಹೇಳಿದರು. ಮುತ್ತಕ್ಕ ಬಾಗಿಲು ತೆರೆದು ಒಂದು ಬಟ್ಟೆಯನ್ನು ಕೆನ್ನೆಗೆ ಒತ್ತಿದರು.

“ಚಂಡಿ.”

ಅದನ್ನು ವಾಪಸು ಒಳಗಿಟ್ಟು ಬಾಗಿಲು ಮುಚ್ಚಿದರು.

“ತಪ್ ತಿಳ್ಕಣ್ಬೇಡಿ. ಯಂತ್ರ ಲಾಯ್ಕ್ ಇತ್ತ್. ಕರೆಂಟ್ ಇಲ್ದಿರೆ ಎಂತ ಮಾಡ್ತ್ರಿ? ಮಗಿಗ್ ಸುತ್ತುಕೆ ಒಣ್ಗಿದ್ ಎಷ್ಟ್ ಇತ್ತ್?”

ಎರಡು, ಎಂದಳು ದಿವ್ಯಾ. ಗಂಟೆ ಒಂಬತ್ತೂಮುಕ್ಕಾಲು.

ಮನುಷ್ಯ ದೇಹ ಸುಮ್ಮನೆ ಕೂತರೂ ಸುಮಾರು ನೂರು ವಾಟ್ ಶಾಖ ಬಿಡುತ್ತದೆಂದು ಎಲ್ಲೋ ಓದಿದ್ದೆ. ಯಂತ್ರ ಎರಡು ಸಾವಿರ. ಅಂದರೆ ಒಂದು ಯಂತ್ರಕ್ಕೆ ಇಪ್ಪತ್ತು ಜನ ಬೇಕು. ಆದರೆ ಬಟ್ಟೆ ಆಗಲೇ ಅರ್ಧ ಒಣಗಿದ್ದವು, ತುಂಡುಗಳು ತೆಳು. ಇದು ಪ್ರಯೋಗ ಮಾಡಿ ನೋಡಬಹುದಾದ ವಿಷಯ. ನಾನು ಯಂತ್ರದೊಳಗಿಂದ ಆರು ಬಟ್ಟೆ ತೆಗೆದು, ಅಂಗಿಯ ಗುಂಡಿ ಬಿಚ್ಚಿ, ಎದೆಗೂ ಹೊಟ್ಟೆಗೂ ಒಂದೊಂದಾಗಿ ಹರಡಿ, ಮತ್ತೆ ಗುಂಡಿ ಹಾಕಿದೆ. ಮೇಲೆ ಸ್ವೆಟರು. ಆಮೇಲೆ ಶಾಖ ಹೆಚ್ಚಲೆಂದು ಪಡಸಾಲೆಯಲ್ಲಿ 
ಆ ಗೋಡೆಯಿಂದ ಈ ಗೋಡೆಗೆ ಜೋರಾಗಿ ನಡೆಯತೊಡಗಿದೆ.

“ಬೀಗ್ರೆ!” ಎಂದರು ಮುತ್ತಕ್ಕ. “ಇದ್ ಎಂತ ಮಾಡುದ್?”

“ಒಣ್ಸುದ್,” ಎಂದೆ.

ಮುತ್ತಕ್ಕ ಬಾಯಿಗೆ ಸೆರಗು ಹಿಡಿದರು. ದಿವ್ಯಾ ಗೋಡೆಯ ಕಡೆ ತಿರುಗಿದಳು. ಅವಳ ಬೆನ್ನು ಅಲುಗುತ್ತಿತ್ತು. ಅತ್ತೆ ಮಾತ್ರ ಗಂಭೀರವಾಗಿ, “ಬೆನ್ನ್ ಖಾಲಿ ಇತ್ತ್,” ಎಂದರು. ಶ್ರೀಲತಾ ನಗಲಿಲ್ಲ. ಎದ್ದು ಬಂದು ನನ್ನನ್ನು ನಿಲ್ಲಿಸಿ, ಹಿಂದಿನಿಂದ ಸ್ವೆಟರು ಎತ್ತಿ, ಅಂಗಿಯೊಳಗೆ ಇನ್ನೊಂದು ಬಟ್ಟೆ ಹಾಕಿ, ಅಂಗೈಯಿಂದ ಎರಡು ಸಲ ಸವರಿ ಹರಡಿದಳು. “ಈಗ ನಡಿನಿ,” ಎಂದಳು.

ನಡೆದೆ. ಬಟ್ಟೆ ಅರ್ಧ ಬಿಸಿ, ಅರ್ಧ ತಣ್ಣಗೆ. ಹತ್ತು ಗಂಟೆ ಹೊಡೆಯಿತು. ಮುತ್ತಕ್ಕ ಚಾ ಕುಡಿದರು. ಜೀಪಿನವನು ಒಮ್ಮೆ ಇಣುಕಿ, ನನ್ನನ್ನು ನೋಡಿ, ಹೊರಗೇ ಉಳಿದ. ಹತ್ತೂಕಾಲಿಗೆ ಮಗು ಬಟ್ಟೆ ಒದ್ದೆ ಮಾಡಿತು, ಒಣಗಿದ್ದು ಒಂದು ಮುಗಿಯಿತು. ಹತ್ತೂವರೆಗೆ ಇನ್ನೊಂದು. ನಾನು ವೇಗ ಹೆಚ್ಚಿಸಿದೆ. ಬೆವರು ಬಂದರೆ ಪ್ರಯೋಗ ಕೆಡುತ್ತದೆಂದು ಹೊಳೆದು ವೇಗ ಇಳಿಸಿದೆ.

ಹತ್ತು ಮೂವತ್ತೈದಕ್ಕೆ ಮುತ್ತಕ್ಕ ಎದ್ದು ಬಂದರು. ಅಂಗಿಯ ಮೇಲಿನ ಗುಂಡಿಯ ಸಂದಿಯಿಂದ ಒಂದು ಬಟ್ಟೆಯ ತುದಿ ಹಿಡಿದು ಎಳೆದರು. ಕೆನ್ನೆಗೆ ಒತ್ತಿದರು. ಮತ್ತೊಂದು ಕೆನ್ನೆಗೂ. ಮಗುವನ್ನು ಅದರಲ್ಲಿ ಸುತ್ತಿ ದಿವ್ಯಾಳ ಕೈಗೆ ಕೊಟ್ಟರು.

“ನಮ್ಮನಿ ಗಂಡ್ಸ್ರಿಗೆ ಅವ್ರ್ ತಲಿ ಒರ್ಸು ಬೈರಾಸ್ ಎಲ್ಲಿತ್ತಂತ ಗೊತ್ತಿಲ್ಲೆ,” ಎಂದರು. ಹೊರಗೆ ತಿರುಗಿ ಜೀಪಿನವನಿಗೆ, “ನಾ ಒಬ್ಳೇ ಬಪ್ಪುದ್ ಮಾರಾಯ. ಆಸಾಡಿ ಕಳಿಲಿ.” ಚಪ್ಪಲಿ ಹಾಕುವಾಗ ಅವರ ಕಣ್ಣು ಸ್ವಲ್ಪ ಒದ್ದೆಯಾಗಿತ್ತು, ನಕ್ಕಿದ್ದರಿಂದ ಇರಬಹುದು. ಪ್ರತಿ ಭಾನುವಾರ ಬಂದು ಹೋಗಲು ಶ್ರೀಲತಾ ಹೇಳಿದ್ದಾಳೆ. ನಾನೂ ಹೇಳಿದೆ.

ಕರೆಂಟು ಹನ್ನೆರಡೂವರೆಗೆ ಬಂತು. ಮುಚ್ಚಳ ತೆಗೆದೆ. ಉಳಿದ ಬಟ್ಟೆಗಳನ್ನು ಯಂತ್ರ ಒಣಗಿಸಿತು. ಮಧ್ಯಾಹ್ನ ಮಗುವನ್ನು ಒಂದು ಗಂಟೆ ಹಿಡಿದುಕೊಂಡಿದ್ದೆ. ಎಲ್ಲರೂ ಊಟಕ್ಕೆ ಕೂತಿದ್ದರು, ಬೇರೆ ಯಾರೂ ಇರಲಿಲ್ಲ.

ಎದೆಯ ಮೇಲಿದ್ದವನ್ನೆಲ್ಲ ತೆಗೆದು ಮಡಿಸಿ ಕೊಟ್ಟಿದ್ದೇನೆ. ಬೆನ್ನಿನದು ನನ್ನ ಕೈಗೆ ಸಿಗುವುದಿಲ್ಲ. ತೆಗೆಯಲು ಶ್ರೀಲತಾಳನ್ನು ಕರೆಯಬೇಕು. ಅವಳು ಪಕ್ಕದ ಕೋಣೆಯಲ್ಲೇ ಇದ್ದಾಳೆ. ಒಣಗಿ ಬಹಳ ಹೊತ್ತಾಗಿರಬೇಕು. ಇನ್ನೂ ಕರೆದಿಲ್ಲ.